ಚೇತನಾಳ ದವಡೆ ಹಲ್ಲು

ಬೆಳಗಿನ ಚಹಾ ಮುಗಿಯುವ ಹೊತ್ತಿಗೆ ಮಗ್ಗದ ಮೋಟಾರು ಗರ್ರೆಂದು ಒದರಿ ನಿಂತುಬಿಟ್ಟಿತು. ಮುತ್ತುರಾಜ ಓಡಿಬಂದು ಅದರ ಮೈ ಮುಟ್ಟಿ ನೋಡಿದ, ಫೋನು ಹಚ್ಚಿದ. ಕಪ್ಪು-ಬಸಿ ತೊಳೆದಿಡುವಷ್ಟರಲ್ಲಿ ಮಿಸ್ತ್ರಿ ಅಮಾತೆಪ್ಪ ಚೀಲ ಹಿಡಿದು ಬಾಗಿಲಲ್ಲಿದ್ದ. ಮುತ್ತುರಾಜನ ತಾಯಿ ಕಾಳವ್ವ ಅವನಿಗೆ ಕೂಡಲು ಮಣೆ ಕೊಟ್ಟಳು. ಮುತ್ತುರಾಜ ಬ್ಯಾಟರಿ ಹಿಡಿದು ಬಗ್ಗಿ ನಿಂತ. ಮನೆಯಲ್ಲಿ ಯಾರದೋ ಹೃದಯ ನಿಂತುಹೋದ ಹಾಗೆ ಎಲ್ಲರ ಮುಖವೂ ಇಳಿದುಹೋಗಿತ್ತು.

ಮುತ್ತುರಾಜನ ಹೆಂಡತಿ ಚೇತನಾ ಗೋಡೆಯ ಪಕ್ಕ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದಳು. ಅವಳ ಎಡಗೆನ್ನೆ ಊದಿಕೊಂಡು ಆ ಕಡೆಯ ಕಣ್ಣು ಸಣ್ಣದಾಗಿತ್ತು. ಹಲ್ಲು ಮೊದಲು ಜುಮ್ಮೆಂದದ್ದು ದೀಪಾವಳಿಯ ಕರ್ಚಿಕಾಯಿ ಕಡಿದಾಗ. ಈಗ ಯುಗಾದಿ ಹತ್ತಿರ ಬಂದಿತ್ತು. ನಡುವೆ ಒಂದಿಷ್ಟು ದಿನ ಮಗ ಸಂಜುಗೆ ಜ್ವರ, ಆಮೇಲೆ ಅತ್ತೆಯ ಮಂಡಿನೋವು, ಆಮೇಲೆ ಬನಶಂಕರಿ ಜಾತ್ರೆಗೆ ಹೋಗಿಬರುವುದು, ಆಮೇಲೆ ಅರ್ಜಂಟು ಸೀರೆಗಳು. ಇಳಕಲ್ಲಿನ ಆ ಹಲ್ಲಿನ ದವಾಖಾನೆ ಅವರ ಓಣಿಯಿಂದ ನಡೆದುಹೋಗುವಷ್ಟು ಹತ್ತಿರ. ಅಷ್ಟು ಹತ್ತಿರ ಹೋಗಲು ಅವಳಿಗೆ ದಾರಿ ಸಿಕ್ಕಿರಲಿಲ್ಲ. ಹೇಳಿದಾಗಲೆಲ್ಲ ಮುತ್ತುರಾಜ ‘ಲವಂಗ ಇಟ್ಕೋ’ ಅನ್ನುತ್ತಿದ್ದ. ಮನೆಯ ಲವಂಗವೆಲ್ಲ ಅವಳ ಹಲ್ಲಿನ ಸಂದಿಯಲ್ಲೇ ಖರ್ಚಾಗಿತ್ತು.

“ಸಣ್ಣಗ ಸದ್ದ ಬಂದಾಗನ ನಿನಗ ತೋರಸ್ಬೇಕಿತ್ತು, ತಪ್ಪಾತು ನೋಡ್ಪಾ,” ಎಂದು ಮುತ್ತುರಾಜ ಅಮಾತೆಪ್ಪನಿಗೆ ಹೇಳುತ್ತಿದ್ದ. “ಇದು ನಿಂತ್ರ ಮನಿನ ನಿಂತಂಗ.”

ಆಮೇಲೆ ತಿರುಗದೆಯೇ, “ಚೇತನಾ, ಅಮಾತೆಪ್ಪಗ ಚಾ ಇಡು,” ಎಂದ.

ಅವಳ ಕೈ ನಿಂತಿತು. ನೋವು ಹಲ್ಲಿನಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ ಏರಿತು. ಅದರ ಹಿಂದೆಯೇ ಸಿಟ್ಟು ಏರಿತು. ತಾನು ಒಂದು ದಿನವೂ ನಿಲ್ಲಲಿಲ್ಲ, ಅದಕ್ಕೇ ಯಾರೂ ಮಿಸ್ತ್ರಿಯನ್ನು ಕರೆಯಲಿಲ್ಲ ಅನ್ನಿಸಿತು. ಎದ್ದು ಕಂಡಿಕೆ ಯಂತ್ರದ ಬಟನ್ ಆರಿಸಿ, ಪರ್ಸು ತೆಗೆದುಕೊಂಡು ಚಪ್ಪಲಿ ಮೆಟ್ಟಿದಳು.

“ಎಲ್ಲಿಗೆ?” ಎಂದಳು ಕಾಳವ್ವ.

“ಹಲ್ಲಿನ ದವಾಖಾನಿಗೆ ಹೋಗ್ತೇನಿ ಅತ್ತಿ.”

“ಈಗ? ಇಲ್ಲಿ ಇಷ್ಟ ಗದ್ದಲ ನಡದೈತಿ,” ಎಂದ ಮುತ್ತುರಾಜ. “ನಾಳಿ ಹೋಗುವಂತಿ ತಡಿ.”

“ಆ ನಾಳಿ ಬರ್ತತಿ ಅಂತ ದೀಪಾವಳಿಯಿಂದ ಹಾದಿ ಕಾದೇನ್ರಿ,” ಎಂದು ಅವಳು ಇಳಿದು ನಡೆದಳು.

ಡಾಕ್ಟರು ಪದ್ಮಜಾ ಬಾಯಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಎಕ್ಸ್‌ರೇ ತೆಗೆಸಿದರು. “ಇದು ಉಳಿಯೂದಿಲ್ರಿ, ಕೀಳಬೇಕಾಗ್ತದ,” ಎಂದರು. “ಮೊದಲ ಜುಮ್ಮಂದು ನೂಸಿದಾಗ ಬಂದಿದ್ರ ಒಂದು ಸಣ್ಣ ಫಿಲ್ಲಿಂಗ್‌ನಾಗ ಮುಗೀತಿತ್ತು. ಭಾಳ ಗಟ್ಟಿ ಹಲ್ಲದ. ಯಾಕ ಇಷ್ಟು ತಡಾ ಮಾಡಿದ್ರಿ?”

ಚೇತನಾ ಬಾಯಿ ತೆರೆದುಕೊಂಡೇ ಮಲಗಿದ್ದಳು. ಅದು ಒಳ್ಳೆಯದೇ ಆಯಿತು. ಉತ್ತರ ಹೇಳಲು ಹೋಗಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದಳು. ಮೂವತ್ತೊಂದರ ಹೆಂಗಸು, ಗಟ್ಟಿ ಹಲ್ಲು, ಉಳಿಸಬಹುದಾಗಿದ್ದ ಹಲ್ಲು. ಸೂಜಿ ಚುಚ್ಚಿ ಮರಗಟ್ಟಿಸಿದ್ದರಿಂದ, ಕರಕರ ಶಬ್ದದೊಂದಿಗೆ ಅದು ದವಡೆಯಿಂದ ಕಿತ್ತುಬಂದಾಗ ನೋವಾಗಲಿಲ್ಲ. ಮೋಸವಾಯಿತು ಎಂಬ ಭಾವವೊಂದೇ ಎದೆಯಲ್ಲಿ ಗಟ್ಟಿಯಾಗಿ ಕೂತಿತು.

ಹತ್ತಿ ಕಚ್ಚಿಸಿ, ಗುಳಿಗೆ ಬರೆದುಕೊಟ್ಟು, ಪಕ್ಕದ ಇನ್ನೊಂದು ಹಲ್ಲೂ ಹುಳುಕಾಗಲು ಶುರುವಾಗಿದೆ, ಗುರುವಾರ ಬರಬೇಕು ಎಂದರು ಡಾಕ್ಟರು. “ಹತ್ತಿ ತಗದ ಮ್ಯಾಲೆ ತಣ್ಣಂದ ತಿನ್ರಿ. ಐಸ್‌ಕ್ರೀಮ್ ತಿಂದ್ರ ಚಲೋ. ಬಿಸಿ ಬ್ಯಾಡ, ರೊಟ್ಟಿ ಬ್ಯಾಡ.”

ಹೊರಗಿನ ಬೆಂಚಿನ ಮೇಲೆ ಸಾಕಷ್ಟು ಹೊತ್ತು ಕೂತು, ಹತ್ತಿ ತೆಗೆದು, ಅವಳು ಎದುರಿನ ಐಸ್‌ಕ್ರೀಮ್ ಅಂಗಡಿಗೆ ಹೋದಳು. ಮದುವೆಯಾದ ಮೇಲೆ ಒಬ್ಬಳೇ ಅಂಗಡಿಯಲ್ಲಿ ಕೂತು ಏನನ್ನಾದರೂ ತಿಂದದ್ದು ಇದೇ ಮೊದಲು. ತುಟಿಗೆ ಇನ್ನೂ ಸ್ಪರ್ಶ ಬಂದಿರಲಿಲ್ಲ, ಐಸ್‌ಕ್ರೀಮು ಗದ್ದದ ಮೇಲೆ ಇಳಿಯುತ್ತಿತ್ತು. ಸೆರಗಿನಲ್ಲಿ ಒರೆಸಿಕೊಳ್ಳುತ್ತ ತಿಂದಳು. ಆ ತಂಪು ಗಾಯಕ್ಕೆ ತಾಗಿದಾಗ ಬೆನ್ನು ತಾನಾಗಿ ಸಡಿಲಾಯಿತು.

ಅಷ್ಟರಲ್ಲಿ ಮುತ್ತುರಾಜನ ಕಾಕಾ ಯಮನಪ್ಪ ಒಳಗೆ ಇಣುಕಿದ.

“ಏನವಾ ಚೇತನಾ, ಒಬ್ಬಾಕಿನ ಕುಂತಿಯಲ್ಲ?”

ಅವಳು ಏಳಲು ಹೋಗಿ, ಕೈಯಿಂದ ಕೆನ್ನೆ ತೋರಿಸಿ, “ಹಯ್ಯು... ಕಾಕಾ...” ಎಂದಳು. ಮಾತು ಮುದ್ದೆಯಾಗಿ ಹೊರಬಿತ್ತು.

“ಆತಾತು, ತಿನ್ನು, ತಿನ್ನು,” ಎಂದು ನಕ್ಕು ಅವನು ಹೊರಗೆ ಹೋದ. ಮೆಟ್ಟಿಲ ಮೇಲೆಯೇ ನಿಂತು ಫೋನು ಕಿವಿಗಿಟ್ಟ. “ಮುತ್ತ್ಯಾ, ನಿನ್ನ ಹೇಂತಿ ಇಲ್ಲಿ ಆರಾಮ ಐಸ್‌ಕ್ರೀಮ್ ತಿನ್ನಾಕತ್ತಾಳಲೇ! ಮನ್ಯಾಗ ಏನರ ಹಬ್ಬ ಐತೇನು?”

ಅವಳ ಫೋನು ಕೂಡಲೇ ಬಡಿದುಕೊಂಡಿತು. ಎತ್ತಲಿಲ್ಲ. ಕೊನೆಯ ಚಮಚದವರೆಗೂ ತಿಂದು, ಹಣ ಕೊಟ್ಟು, ಅವಸರವಿಲ್ಲದೆ ನಡೆದು ಮನೆಗೆ ಬಂದಳು.

ಮಗ್ಗ ದುರಸ್ತಿಯಾಗಿ ಓಡುತ್ತಿತ್ತು. ಅವಳನ್ನು ಕಂಡು ಮುತ್ತುರಾಜ ಅದನ್ನು ನಿಲ್ಲಿಸಿದ. ಕಾಳವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದಳು.

“ದವಾಖಾನಿ ಅಂತ ಹೇಳಿ ಐಸ್‌ಕ್ರೀಮ್ ತಿನ್ನಾಕ ಹೋಗಿದ್ದೇನು?” ಎಂದ ಅವನು.

“ತಿಂದ್ರ ತಿನ್ಲಿ,” ಎಂದಳು ಕಾಳವ್ವ. “ಕೂಸಿಗೊಂದು ಕಟ್ಟಿಸ್ಕೊಂಡ ಬರಬಾರ್ದನ? ತಾಯಿ ಆದಾಕಿಗೆ ಹೆಂಗ ಇಳೀತು ಗಂಟಲಾಗ?”

ಚೇತನಾ ಬಾಯಿ ತೆರೆದು ತೋರಿಸಿದಳು. ಕೆಂಪು ಕುಳಿ. ಮುತ್ತುರಾಜ ನೋಡಿ ಆಚೆ ಮುಖ ತಿರುಗಿಸಿದ.

“ಕಿತ್ತರೇನು? ಇಷ್ಟ ಆಗೈತಿ ಅಂತ ಹೇಳಿದ್ರ ನಾನ ಕರಕೊಂಡ ಹೋಗ್ತಿದ್ನಲ್ಲ. ನೀ ಹೇಳಬೇಕಿಲ್ಲೋ?”

ಆ ಮಾತಿಗೆ ಅವಳ ತಾಳ್ಮೆಯ ಎಳೆ ಹರಿಯಿತು.

“ಹೇಳಬೇಕಿತ್ತಾ?” ತುಟಿ ಸೊಟ್ಟ, ಮಾತು ತೊದಲು, ಆದರೂ ದನಿ ಓಣಿಯ ತುದಿಗೆ ಕೇಳುವಷ್ಟಿತ್ತು. “ನಿಮ್ಮ ಮುಂದ ಕುಂತ ಒಂದ ದವಡ್ಯಾಗ ಉಂಡೇನಿ. ಗಲ್ಲಕ್ಕ ಅರಿವಿ ಕಟ್ಕೊಂಡ ಕಂಡಿಕಿ ಸುತ್ತೇನಿ. ರಾತ್ರಿ ನರಳಿದ್ರ ‘ನಿದ್ದಿ ಕೆಡಸಬ್ಯಾಡ’ ಅಂದ್ರಿ. ಮೋಟಾರ ಬಾಯಿಬಿಟ್ಟ ಹೇಳಿತ್ತೇನ್ರಿ ನಿಮಗ? ಅದರ ಸದ್ದ ಕೇಳ್ತತಿ, ನನ್ನ ಸದ್ದ ಕೇಳಂಗಿಲ್ಲ! ಉಳಿಯೋ ಹಲ್ಲಿತ್ತು, ಡಾಕ್ಟರ್ ಹೇಳ್ಯಾರ. ನನ್ನ ಹಲ್ಲ ತಿಂದವ್ರು ನೀವು!”

“ಏ, ಮೆಲ್ಲಕ. ಮಂದಿ ಕೇಳ್ತಾರ,” ಎಂದಳು ಕಾಳವ್ವ.

“ಕೇಳ್ಲಿ ಅತ್ತಿ. ನಿಮ್ಮ ಮಂಡಿ ತೋರಸಾಕ ವಾರಕ್ಕೊಮ್ಮೆ ದವಾಖಾನಿಗೆ ಕರಕೊಂಡ ಹೋದಾಕಿ ನಾನು. ಅವತ್ತರ ನನ್ನ ಗಲ್ಲ ನೋಡಿ ‘ನೀನೂ ತೋರಸು’ ಅಂದ್ರೇನು?”

ಕಾಳವ್ವ ಕಾಲು ಮಡಚಿಕೊಂಡಳು.

ಚೇತನಾ ಗುಳಿಗೆ ನುಂಗಿ, ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದಳು. ಹಾಡಹಗಲು ಅವಳು ಆ ಮನೆಯಲ್ಲಿ ಬೆನ್ನು ನೆಲಕ್ಕೆ ಹಚ್ಚಿದ್ದು ಬಾಣಂತನದ ನಂತರ ಇದೇ ಮೊದಲು. ಸಾಲೆಯಿಂದ ಸಂಜು ಬಂದ ಸಪ್ಪಳ ಕೇಳಿತು. ಅಡುಗೆಮನೆಯಲ್ಲಿ ಡಬ್ಬಿಗಳು ಉರುಳಿದವು.

“ರವಾ ಎಲ್ಲೈತಿ?” ಎಂದು ಮುತ್ತುರಾಜ ಬಾಗಿಲಿಗೆ ಬಂದು ಕೇಳಿದ.

“ಕಣ್ಣ ತಗದ ನೋಡ್ರಿ,” ಎಂದಳು, ಗೋಡೆಯ ಕಡೆ ಮುಖ ಮಾಡಿಕೊಂಡೇ.

ಸೀದ ವಾಸನೆ ಬಂತು. ಏಳಬೇಕೆಂದು ಕೈಕಾಲು ತಾವಾಗಿ ತವಕಿಸಿದವು. ಹಲ್ಲು ಕಚ್ಚಿ ಮಲಗಬೇಕೆಂದರೆ ಕಚ್ಚಲೂ ಬಾರದು. ಸುಮ್ಮನೆ ಮಲಗಿದಳು. ಮೊದಲು ಸಿಟ್ಟಿನಿಂದ, ಆಮೇಲೆ ನಿಜವಾಗಿಯೂ ನಿದ್ದೆ ಬಂದು.

ಗುರುವಾರ ಬೆಳಿಗ್ಗೆ ಅವಳು ತಲೆ ಬಾಚಿಕೊಳ್ಳುವಾಗ ಮುತ್ತುರಾಜ, “ಇವತ್ತ ಮಗ್ಗಕ್ಕ ಹೊಸ ನೂಲಿನ ಬೀಮ್ ಏರಸೋದೈತಿ,” ಎಂದ, ಅವಳ ಮುಖ ನೋಡದೆ.

“ಏರಸ್ರಿ.”

“ಕಂಡಿಕಿ?”

“ನೀವ ಸುತ್ರಿ. ಬರಲಿಲ್ಲಂದ್ರ ಬಾಜು ಮನಿ ಅಬೇದಾಳನ್ನ ಕೇಳ್ರಿ, ಕಲಸ್ತಾಳ.”

ಅವನ ಮುಖ ಗಂಟಾಯಿತು. ಅವಳದೂ ಸಡಿಲಾಗಲಿಲ್ಲ. ಆ ನಾಲ್ಕು ದಿನ ಇಬ್ಬರೂ ಬೇಕಾದಷ್ಟೇ ಮಾತಾಡಿದ್ದರು, ಇನ್ನೂ ಕೆಲ ದಿನ ಹಾಗೇ ನಡೆಯುವುದಿತ್ತು. ಕಾಳವ್ವ ಮಾತ್ರ ಅವಳು ಹೊರಡುವಾಗ ಒಳಗಿನಿಂದಲೇ, “ಬಿಸಲ ಏರೂದ್ರಾಗ ಹೋಗವಾ,” ಎಂದಳು.

ಡಾಕ್ಟರು ಪದ್ಮಜಾ ಕುರ್ಚಿ ಹಿಂದಕ್ಕೆ ಬಾಗಿಸಿ ಕೇಳಿದರು: “ಈ ಹಲ್ಲು ನೂಸ್ತದೇನ್ರಿ?”

“ಇಲ್ರಿ,” ಎಂದಳು ಚೇತನಾ. “ನೂಸೂಕಿಂತ ಮೊದಲ ಬಂದೇನಿ.” ಮತ್ತು ಬಾಯಿ ದೊಡ್ಡದಾಗಿ ತೆರೆದಳು.