ಪ್ರೇಮಲತಾ ಮೇಡಂ ಅವರ ಎರಡು ವಯಸ್ಸು

ವಯಸ್ಸೆಷ್ಟು ಎಂದು ಯಾರು ಕೇಳಿದರೂ ಪ್ರೇಮಲತಾ ಮೇಡಂ, "ನಿಜದ್ದೋ, ರೆಕಾರ್ಡಿಂದೋ?" ಎಂದು ಮರುಪ್ರಶ್ನೆ ಹಾಕಿ, ಕೇಳಿದವರು ತಬ್ಬಿಬ್ಬಾದ ಮೇಲೆಯೇ ಉತ್ತರ ಕೊಡುತ್ತಾರೆ. ಗುಬ್ಬಿಯ ನಮ್ಮ ಹೈಸ್ಕೂಲಿನಲ್ಲಿ ಅವರು ಗಣಿತಕ್ಕೆ, ನಾನು ಕನ್ನಡಕ್ಕೆ. ಹನ್ನೊಂದು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತಿದ್ದರೂ ಆ ಪ್ರಶ್ನೆಯ ಹಿಂದಿನ ಕಥೆ ನನಗೆ ತಿಳಿದದ್ದು ಈಚೆಗೆ.

ಕಥೆ ಇಷ್ಟೇ. ನಿಟ್ಟೂರಿನ ಆಚೆ ತೆಂಗಿನ ತೋಟದ ಮನೆ. ಅಕ್ಕ ನಿಂಗಮ್ಮನಿಗೆ ಆರು ತುಂಬಿತ್ತು, ಇವರಿಗೆ ನಾಲ್ಕು. ಒಬ್ಬಳೇ ಶಾಲೆಗೆ ಹೋಗುವುದಿಲ್ಲವೆಂದು ಅಕ್ಕ ಬಾಗಿಲ ಚಿಲಕ ಹಿಡಿದು ರಂಪ ಮಾಡಿದಾಗ ತಾಯಿ ಇಬ್ಬರನ್ನೂ ಎಳೆದುಕೊಂಡು ಹೋದರು. ಹೆಡ್‌ಮಾಸ್ಟರ್ ಚನ್ನವೀರಯ್ಯನವರು "ಜೊತೆಗಿರ್ಲಿ ಬುಡವ್ವ" ಎಂದು ಇಬ್ಬರಿಗೂ ಅಕ್ಕನ ಜನ್ಮದಿನವನ್ನೇ ಬರೆದುಕೊಂಡರು. ಹೀಗೆ ಕಾಗದದ ಮೇಲೆ ಅವಳಿಗಳಾದ ಅಕ್ಕತಂಗಿಯರು ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತು ಓದಿದರು.

ಮೇಡಂ ಮದುವೆಯಾಗಲಿಲ್ಲ, ತುಮಕೂರಿನ ಸದಾಶಿವನಗರದಲ್ಲಿ ಒಬ್ಬರೇ ಇದ್ದಾರೆ. ಕುಣಿಗಲ್ಲಿಗೆ ಮದುವೆಯಾಗಿ ಹೋದ ಅಕ್ಕ ದಿನಾ ಬೆಳಗಿನ ಐದೂವರೆಗೆ ಫೋನ್ ಮಾಡಿ, ಹಿಂದಿನ ದಿನದ ಸಾರಿನಿಂದ ಹಿಡಿದು ನಾದಿನಿಯ ಮುನಿಸಿನವರೆಗೆ ಎಲ್ಲವನ್ನೂ ಒಪ್ಪಿಸುತ್ತಿದ್ದರಂತೆ. ಏಳು ವರ್ಷದ ಹಿಂದೆ ಆ ಅಕ್ಕ ತೀರಿಕೊಂಡರು. ಐದೂವರೆ ದಿನಾ ಬರುತ್ತಿತ್ತು, ಫೋನ್ ಬರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಮನೆಯೊಳಗೆ ಕೂರಲಾರದೆ ಮೇಡಂ ಓಡತೊಡಗಿದರು.

ಬೇಸಿಗೆಯಲ್ಲೂ ಬಿಡದ ಕಂದು ಸ್ವೆಟರು, ಚೂಡಿದಾರ, ಪುಟ್ಟಪುಟ್ಟ ಚುರುಕಿನ ಹೆಜ್ಜೆ, ಯಾರದೋ ಮಾತಿಗೆ ಕಿವಿಗೊಟ್ಟವರಂತೆ ಎಡಕ್ಕೆ ವಾಲಿದ ತಲೆ: ಗೂಳೂರು ದಾಟಿ ಕುಣಿಗಲ್ ರಸ್ತೆಯಲ್ಲಿ ಅವರು ಹೀಗೆ ಓಡುತ್ತಿದ್ದರೆ ಆಟೋದವರು ನಿಧಾನ ಮಾಡಿ, "ಬಸ್ ತಪ್ಪೋಯ್ತಾ ಮೇಡಂ? ಹತ್ಕಳಿ, ದುಡ್ಡೇನ್ ಬ್ಯಾಡ" ಎನ್ನುತ್ತಿದ್ದರು. ಅಯ್ಯೋ, ಅವರ ತಪ್ಪೇನಿದೆ? ಐವತ್ತರ ಹೆಂಗಸು ಸುಮ್ಮನೆ ಓಡುವುದನ್ನು ಅವರು ಎಲ್ಲಿ ಕಂಡಿದ್ದರು!

ಅಮೆರಿಕಾದ ಬಾಸ್ಟನ್ ಮ್ಯಾರಥಾನಿನ ಹುಚ್ಚು ಹತ್ತಿದ್ದು ಆಮೇಲೆ. ಅಲ್ಲಿಗೆ ಅರ್ಹತೆ ಸಿಗಬೇಕಾದರೆ ಮೊದಲು ಬೇರೊಂದು ಮ್ಯಾರಥಾನಿನ ನಲವತ್ತೆರಡು ಕಿಲೋಮೀಟರನ್ನು ವಯಸ್ಸಿಗೆ ಗೊತ್ತುಮಾಡಿದ ಕಾಲದೊಳಗೆ ಓಡಿ ಮುಗಿಸಿರಬೇಕು: ಐವತ್ತೈದಾದ ಹೆಂಗಸರಿಗೆ ನಾಲ್ಕು ಗಂಟೆ, ಐವತ್ತು ದಾಟಿ ಐವತ್ತೈದಾಗದವರಿಗೆ ಹತ್ತು ನಿಮಿಷ ಕಡಿಮೆ. ಅಷ್ಟು ದೂರ ಯಾಕೆ ಮೇಡಂ ಎಂದು ಕೇಳಿದ್ದಕ್ಕೆ, "ಒಂದ್ಸಲ ನನ್ನಂಗೆ ಓಡೋ ಹೆಂಗಸ್ರ ಮಧ್ಯ ಓಡ್ಬೇಕು ಮೇಷ್ಟ್ರೇ, ಅಷ್ಟೆ" ಎಂದಿದ್ದರು.

ಎರಡು ಸಲ ಸೋತು, ಮೂರನೆಯ ಸಲ ಮುಂಬಯಿಯಲ್ಲಿ ಮೂರು ಗಂಟೆ ಐವತ್ತನಾಲ್ಕು ನಿಮಿಷಕ್ಕೆ ಮುಗಿಸಿ ಬಂದರು. ದಾಖಲೆಯ ಪ್ರಕಾರ ವಯಸ್ಸು ಐವತ್ತೈದು. ಗೆದ್ದಂತೆಯೇ ಎಂದು ನಾನೇ ಮೈಸೂರ್ ಪಾಕ್ ತರಿಸಿ ಹಂಚಿದೆ. ಮೇಡಂ ತಮ್ಮ ತುಂಡನ್ನು ತಿನ್ನದೆ ಟಿಫಿನ್ ಡಬ್ಬಿಯ ಮುಚ್ಚಳದಲ್ಲಿಟ್ಟುಕೊಂಡರು.

ಸೆಪ್ಟೆಂಬರಿನಲ್ಲಿ ಅರ್ಜಿ ತುಂಬಲು ಇಬ್ಬರೂ ಶಾಲೆಯ ಕಂಪ್ಯೂಟರಿನ ಮುಂದೆ ಕೂತೆವು. ಹುಟ್ಟಿದ ದಿನಾಂಕದ ಜಾಗಕ್ಕೆ ಬಂದಾಗ ಅವರ ಬೆರಳು ನಿಂತಿತು.

"ಇದು ಅಕ್ಕನ ವಯಸ್ಸು ಕಣ್ರೀ" ಎಂದು, ಆ ಶಾಲೆಯ ಕಥೆಯನ್ನು ಮೊದಲ ಬಾರಿಗೆ ಹೇಳಿದರು.

ನನಗೆ ರೇಗಿಹೋಯಿತು. "ಸರ್ಕಾರನೇ ಒಪ್ಕೊಂಡಿದೆ ಮೇಡಂ, ಪಾಸ್‌ಪೋರ್ಟಲ್ಲೂ ಅದೇ ಇದೆ. ಯಾರಿಗ್ ಗೊತ್ತಾಗುತ್ತೆ?"

"ಕೆಲಸಕ್ಕೆ ನಡೀತು. ಓಡಿದ್ದು ನನ್ ಕಾಲು, ಅದಕ್ಕೆ ಐವತ್ಮೂರೇ. ಇನ್ನೂ ನಾಲ್ಕ್ ನಿಮಿಷ ಕಮ್ಮಿ ಮಾಡ್ಬೇಕು."

"ಹಂಗಾದ್ರೆ ಎರಡು ವರ್ಷ ತಡೀರಿ, ನಿಜವಾಗ್ಲೂ ಐವತ್ತೈದಾಗುತ್ತೆ."

"ಮಂಡಿ ತಡೀಬೇಕಲ್ಲ ಮೇಷ್ಟ್ರೇ?"

ನಗುತ್ತಲೇ ಕಂಪ್ಯೂಟರ್ ಆರಿಸಿದರು. ಕಣ್ಣು ಮಾತ್ರ ತುಂಬಿತ್ತು. ಹೋಗಲು ಅವರಿಗೆಷ್ಟು ಆಸೆಯಿತ್ತೆಂಬುದು ನನಗೆ ಆಗ ಅರ್ಥವಾಗಿ ಸಂಕಟವಾಯಿತು. ಈಗಲೂ ಸ್ಟಾಫ್ ರೂಮಿನಲ್ಲಿ ಯಾರಾದರೂ "ಯಾವಾಗ ಮೇಡಂ ಅಮೆರಿಕಾ?" ಎಂದರೆ, "ಟೈಮ್ ಸಾಲ್ದು" ಎಂದು ಮಾರ್ಕ್ಸ್ ಪಟ್ಟಿಯತ್ತ ತಿರುಗುತ್ತಾರೆ.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಲೋಕ ಕಣ್ಣುಮುಚ್ಚಿ ಕೊಡಲು ಸಿದ್ಧವಿರುವುದನ್ನು ಬೇಡವೆಂದು, ತಮಗೊಬ್ಬರಿಗೇ ಕಾಣುವ ಕೊರತೆಯನ್ನು ನೀಗಿಕೊಳ್ಳಲು ಮತ್ತೆ ಮೊದಲಿನಿಂದ ಹೊರಡುತ್ತಾರೆ. ಅವರ ಸತ್ಯನಿಷ್ಠೆಯನ್ನು ನಾವು ಕಾಫಿ ಕುಡಿಯುತ್ತ ಕೊಂಡಾಡುತ್ತೇವೆ; ಬೆಳಿಗ್ಗೆ ಎದ್ದು ಅವರ ಜೊತೆ ನಾಲ್ಕು ಹೆಜ್ಜೆ ಹಾಕಿದವರು, ನಾನೂ ಸೇರಿ, ಇವತ್ತಿನವರೆಗೆ ಒಬ್ಬರೂ ಇಲ್ಲ.