ನೇರ ಹೋದರೆ ಎರಡೂ ದೀಪ

ಅಕ್ಕನಿಗೆ ಲೈಸೆನ್ಸ್ ಇರಲಿಲ್ಲ. ನರ್ಸಾಗಿ ಇಷ್ಟು ವರ್ಷ ದುಡಿದಿದ್ದರೂ ಎಲ್ಲಿಗೆ ಹೋಗಬೇಕಾದರೂ ಭಾವನ ಮುಖ ನೋಡಬೇಕಿತ್ತು. ಈಗ ಆಸ್ಪತ್ರೆಯವರು ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಕೊಡುತ್ತೇವೆ ಎಂದಿದ್ದರು. ಕಾರು ಆಸ್ಪತ್ರೆಯದೇ, ಓಡಿಸಲು ಲೈಸೆನ್ಸ್ ಬೇಕು. ಪರೀಕ್ಷೆ ಸೋಮವಾರ.

ಭಾನುವಾರ ಬೆಳಿಗ್ಗೆ ಭಾವ ತಮ್ಮ ಕಾರಿನಲ್ಲಿ ಅಭ್ಯಾಸ ಮಾಡಿಸಲು ಒಪ್ಪಿದರು. ಅಕ್ಕ ಸ್ಟೀರಿಂಗ್ ಹಿಡಿದಳು, ಭಾವ ಪಕ್ಕದಲ್ಲಿ ಕೂತರು, ನಾನು ಹಿಂದಿನ ಸೀಟಿನಲ್ಲಿ.

"ಏನಮ್ಮ, ಇನ್ಶೂರೆನ್ಸ್ ಮಾಡಿಸ್ಕೊಂಡೇ ಹತ್ತಿದೀಯ ತಾನೆ?" ಎಂದು ಭಾವ ನನ್ನನ್ನು ಕೇಳಿದರು.

"ಮುಂದೆ ಕೂತಿರೋರು ನೀವು ಭಾವ. ಮೊದಲು ನಿಮ್ಮದು ನೋಡ್ಕೊಳ್ಳಿ."

ಅಕ್ಕ ನಗಲಿಲ್ಲ.

ಸರ್ಕಲ್ ಹತ್ತಿರ ಬಂತು. "ನೇರ ಹೋಗು. ಎರಡೂ ದೀಪ ಹಾಕು," ಎಂದರು ಭಾವ.

"ಎರಡೂ ಹಾಕೋದು ಗಾಡಿ ಕೆಟ್ಟು ನಿಂತಾಗಂತೆ. ನೇರ ಹೋಗೋರು ಒಳಗೆ ಹೋಗುವಾಗ ಏನೂ ಹಾಕಬಾರದು, ಮೊದಲನೇ ರಸ್ತೆ ದಾಟಿದ ಮೇಲೆ ಎಡದ್ದು ಹಾಕಿ ಹೊರಗೆ ಬರಬೇಕು ಅಂತ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು ಹೇಳಿದಾರೆ."

"ಆ ಮೇಷ್ಟ್ರು ಎರಡನೇ ಗೇರು ದಾಟಿದ್ದು ಯಾವ ಕಾಲದಲ್ಲಿ? ಎಡಕ್ಕೆ ಎಡದ್ದು, ಬಲಕ್ಕೆ ಬಲದ್ದು, ನೇರಕ್ಕೆ ಎರಡೂ. ಊರೆಲ್ಲ ಹಾಗೇ ಹೋಗ್ತಿದೆ."

"ನಾಳೆ ಹಾಗೆ ಮಾಡಿದ್ರೆ ಫೇಲ್ ಮಾಡ್ತಾರೆ ಕಣ್ರೀ."

"ನಾಳೆದು ನಾಳೆಗೆ. ಇವತ್ತು ನನ್ನ ಗಾಡಿ."

ಭಾವ ತಾವೇ ಕೈ ಚಾಚಿ ಕೆಂಪು ತ್ರಿಕೋನದ ಗುಂಡಿ ಒತ್ತಿದರು. ಅದನ್ನು ಆರಿಸಲು ಅಕ್ಕ ಕಣ್ಣು ಕೆಳಗೆ ಮಾಡಿದಳು.

ಎಡಗಡೆಯ ರಸ್ತೆಯ ಬಾಯಲ್ಲಿ ಒಬ್ಬ ಸೈಕಲ್ಲಿನವನು ಒಂದು ಕಾಲು ನೆಲಕ್ಕೂರಿ ಕಾಯುತ್ತಿದ್ದ. ಸರ್ಕಲ್ ನಡುವಿನ ಪೊದೆಗಳು ಅಡ್ಡ ಬಂದು ನಮ್ಮ ಬಲದ ದೀಪ ಅವನಿಗೆ ಕಾಣಲಿಲ್ಲ. ಎಡದ್ದು ಮಾತ್ರ ಕಂಡಿತು. ನಾವು ಅವನಿದ್ದ ರಸ್ತೆಗೇ ತಿರುಗುತ್ತೇವೆಂದುಕೊಂಡು ಪೆಡಲ್ ತುಳಿದ.

ಬ್ರೇಕಿನ ಸದ್ದಿಗಿಂತ ಮೊದಲು ಸೈಕಲ್ಲಿನ ಸದ್ದು ಕೇಳಿಸಿತು.

ಅವನು ಆಸ್ಪತ್ರೆಯವರಿಗೆ ಸಮವಸ್ತ್ರ ಹೊಲಿಯುವ ದರ್ಜಿ. ಅಕ್ಕನ ಅಳತೆ ಅವನಿಗೆ ಬಾಯಿಪಾಠ. ಅಕ್ಕ ದುಪಟ್ಟಾ ಎಳೆದು ಅವನ ತೊಡೆಗೆ ಬಿಗಿದು ಕಟ್ಟಿ, ಆಂಬುಲೆನ್ಸ್ ಬರುವವರೆಗೂ ಗಾಯವನ್ನು ಒತ್ತಿ ಹಿಡಿದಿದ್ದಳು. ಅವನಿಗೆ ಎಚ್ಚರವಿತ್ತು.

"ಎಡದ್ದು ಮಿನುಗ್ತಿತ್ತಲ್ಲ ಸಿಸ್ಟರ್," ಎಂದ. "ಈ ಕಡೆಗೇ ಬರ್ತೀರ ಅಂದ್ಕೊಂಡೆ."

ಭಾವ ಕಾರಿನ ಮುಂಭಾಗ ಸವರಿ ನೋಡುತ್ತಿದ್ದರು.

ಠಾಣೆಯಲ್ಲಿ ಅವರೇ ಮೊದಲು ಬಾಯಿ ಬಿಟ್ಟರು. "ಅವಳಿಗಿನ್ನೂ ಸರಿಯಾಗಿ ಬರಲ್ಲ ಸಾರ್. ಗಾಬರೀಲಿ ಇರೋ ದೀಪ ಎಲ್ಲ ಹಾಕಿಬಿಟ್ಟಳು."

"ಒತ್ತಿದ್ದು ನೀವು ಭಾವ," ಎಂದೆ.

"ಯಾರು ಒತ್ತಿದ್ರೇನಮ್ಮ?" ಎಂದರು ಇನ್ಸ್‌ಪೆಕ್ಟರ್. "ಸ್ಟೀರಿಂಗ್ ಯಾರ ಕೈಲಿತ್ತು?"

ಶಾಲೆಯಲ್ಲಿ ಹಾಜರಿ ಹೇಳುವವರ ಹಾಗೆ ಅಕ್ಕ ಕೈ ಎತ್ತಿದಳು. ಉಗುರಿನ ಸಂದಿಯಲ್ಲಿ ರಕ್ತ ಒಣಗಿತ್ತು.

ದರ್ಜಿಯ ಬಲಗಾಲು ಮಂಡಿಯಿಂದ ಕೆಳಗೆ ಹೋಯಿತು. ಅವನದು ಕಾಲಲ್ಲಿ ತುಳಿಯುವ ಮೆಶಿನ್ನು. ಅಕ್ಕನಿಗೆ ಪರೀಕ್ಷೆ ಹೋಯಿತು, ಹೊಸ ಕೆಲಸ ಹೋಯಿತು. ಭಾವನ ಕಾರಿಗೆ ಒಂದು ದೀಪ ಹೋಯಿತು, ಎಡದ್ದು.