ವಹೀದಾ ಓದದೆ ಹಾಕಿದ ದಸ್ಕತ್ತು

ಒಂದಾನೊಂದು ಕಾಲದಲ್ಲಿ ಒಬ್ಬ ಬಾದಶಹ, ನ್ಯಾಯ ಕೇಳುವವರಿಗಾಗಿ ಅರಮನೆಯ ಬಾಗಿಲಿಗೆ ಗಂಟೆ ಕಟ್ಟಿಸಿದ. ಬಾಗಿಲು ಕಾಯುವವನು ಆ ಗಂಟೆಯ ನಾಲಗೆಯನ್ನು ಬಿಚ್ಚಿ ಮಾರಿಬಿಟ್ಟ. ಜನ ಹಗ್ಗ ಎಳೆದೇ ಎಳೆದರು. ಸಪ್ಪಳ ಕೇಳದ ಬಾದಶಹ, ನನ್ನ ರಾಜ್ಯದಲ್ಲಿ ಯಾರಿಗೂ ತೊಂದರೆಯಿಲ್ಲವೆಂದು ಸುಖವಾಗಿ ಮಲಗಿದ.

ಕಥೆ ಹಳೆಯದು. ಭಾಲ್ಕಿಗೂ ಔರಾದಿಗೂ ನಡುವಿನ ಒಂದು ಊರಿನಲ್ಲಿ ವಹೀದಾಳಿಗೆ ಅದು ಆದದ್ದು ಈ ವರ್ಷ.

ವಹೀದಾ ಬಜಾರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಎದುರಿಗೆ ಸಾಹುಕಾರನೊಬ್ಬನ ದೊಡ್ಡ ರೆಡಿಮೇಡ್ ಅಂಗಡಿ. ಅಲ್ಲಿಯ ಗಿರಾಕಿಗಳು ಇವಳ ಕಡೆ ತಿರುಗಿದ್ದೇ ತಡ, ಅವನ ಆಳುಗಳು ಬಂದು ಹೊಲಿಗೆ ಮಷೀನನ್ನೇ ಹೊತ್ತೊಯ್ದರು. ಬಜಾರು ಎಲ್ಲರದು ಎನ್ನುತ್ತಾರೆ. ಠಾಣೆ ಮಾತ್ರ ಸಾಹುಕಾರನದಾಗಿತ್ತು.

ಠಾಣೆಯ ಜಮಾದಾರ ಅವಳ ಮಾತು ಕೇಳಿದಂತೆ ಮಾಡಿ, ಕನ್ನಡದಲ್ಲಿ ಏನೋ ಬರೆದು, "ಸಹಿ ಮಾಡು. ಬೇಕಾದ್ರ ಫೋಟೊ ಹೊಡ್ಕೊ" ಎಂದ. ವಹೀದಾ ಕಲಿತದ್ದು ಉರ್ದು ಶಾಲೆಯಲ್ಲಿ. ಬಲದಿಂದ ಎಡಕ್ಕೆ ಅಂದವಾಗಿ ಹೆಸರು ಬರೆದು, ಫೋಟೊ ಹೊಡೆದುಕೊಂಡು ಬಂದಳು.

ಹದಿನೈದು ದಿನವಾದರೂ ಯಾರೂ ವಿಚಾರಿಸಲಿಲ್ಲ. ಅದೇ ಓಣಿಯ ವಿಶಾಖಾ, ಬಡವರಿಗೆ ಪುಕ್ಕಟೆ ಕಾನೂನು ನೆರವು ಕೊಡಿಸುವ ಸ್ವಯಂಸೇವಕಿ, ಮೊಬೈಲಿನಲ್ಲಿದ್ದ ಫೋಟೊ ಓದಿದಳು.

"ಚಾಚಿ, ಇದು ದೂರಲ್ಲರಿ, ರಾಜಿನಾಮಾ, ಅಂದ್ರ ರಾಜಿ ಪತ್ರ. ಮಷೀನು ನಾನೇ ಖುಷಿಲಿಂದ ಕೊಟ್ಟೀನಿ, ನಂದೇನೂ ತಕರಾರಿಲ್ಲ ಅಂತ ಬರ್ದಾರ. ಕೆಳಗ ನಿಮ್ಮ ದಸ್ಕತ್ತು."

ವಹೀದಾಳ ಗಂಡ ರಶೀದ ಅಹ್ಮದ ನಡುವೆ ಬಾಯಿ ಹಾಕಿದ.

"ಬಿಟ್ಟಬಿಡ ಬೇಟಿ. ಹಾಲಿಗಿ ಬೆಕ್ಕೇ ಪಹರಾ ಅಂದಮ್ಯಾಲ ಯಾರಿಗಿ ಹೇಳ್ಬೇಕು?"

"ಬೆಕ್ಕಿನ ಮ್ಯಾಲೂ ಸಾಹೇಬ್ರು ಇರ್ತಾರ್ರಿ ಚಾಚಾ. ಠಾಣ್ಯಾಗ ದೂರು ತಗೋಲಿಲ್ಲಂದ್ರ ಬೀದರದ ಎಸ್ಪಿಗಿ ರಿಜಿಸ್ಟರ್ ಪೋಸ್ಟ್ ಹಾಕ್ಬೇಕು. ಅಲ್ಲೂ ಆಗ್ಲಿಲ್ಲಂದ್ರ ಮ್ಯಾಜಿಸ್ಟ್ರೇಟ್ ಕೋರ್ಟು. ಕಾಯದೇದಾಗ ಅದ."

"ಕಾಯದೆ ಕಿತಾಬಿನಾಗ ಇರ್ತದ. ನಾವು ಬಜಾರದಾಗ ಇರ್ತೇವಿ."

"ಎಫ್‌ಐಆರ್ ನಕಲು ಚಾಚಿ ಕೈಯಾಗ ಇಡೂತನಾ ನಾ ಬಿಡಂಗಿಲ್ಲ, ನೋಡ್ರಿ."

"ಅಷ್ಟರಾಗ ನನ್ನ ಗಡ್ಡ ಬಿಳಿ ಆಗ್ತದ."

"ಈಗೇನು ಕರಿ ಅದ ಏನ್ರಿ?" ಎಂದಳು ವಹೀದಾ.

ವಿಶಾಖಾ ದೂರು ಬರೆದಳು. ಮೋಸದಿಂದ ಸಹಿ ಹಾಕಿಸಿಕೊಂಡದ್ದನ್ನೂ ಸೇರಿಸಿ, ಪ್ರತಿ ಸಾಲನ್ನೂ ಚಾಚಿಗೆ ಓದಿ ಹೇಳಿದಳು. ಅಂಚೆ ಬೀದರಿಗೆ ಹೋಯಿತು. ಇಪ್ಪತ್ತೆರಡನೆಯ ದಿನ ಠಾಣೆಯಿಂದ ಕರೆ ಬಂತು. ಅದೇ ಜಮಾದಾರ ಗಂಟುಮೋರೆ ಹಾಕಿಕೊಂಡು ಎಫ್‌ಐಆರ್ ಮುಂದಿಟ್ಟ.

"ಸಹಿ ಮಾಡ್ರಿ."

"ಮೊದಲ ಓದ್ರಿ," ಎಂದಳು ವಹೀದಾ.

ಓದಿದ.

"ಸಾಹುಕಾರನ ಅಂಗಡಿ ಹೆಸರು ನುಂಗಿದ್ರಿ. ಮತ್ತೊಮ್ಮಿ ಓದ್ರಿ."

ಮತ್ತೆ ಓದಿದ. ಈ ಸಲ ಹೆಸರು ಬಾಯಿಂದ ಹೊರಗೆ ಬಂತು. ವಹೀದಾ ಸಹಿ ಮಾಡಿದಳು. ಜೊತೆಗೆ ಬಂದಿದ್ದ ವಿಶಾಖಾ ನಕಲನ್ನು ಇಸಿದುಕೊಂಡು ಚಾಚಿಯ ಕೈಯಲ್ಲಿಟ್ಟಳು. ಮಷೀನು ಇನ್ನೂ ಬಂದಿಲ್ಲ. ಆದರೆ ಕಳುವು ಈಗ ಕಳುವೆಂದೇ ದಾಖಲಾಗಿದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮಗೆ ಓದಲು ಬಾರದ ಕಾಗದಕ್ಕೆ ಸುಮ್ಮನೆ ಸಹಿ ಹಾಕಬೇಡಿ. ದೂರನ್ನು ಓದಿ ಹೇಳುವುದು, ಎಫ್‌ಐಆರ್ ನಕಲನ್ನು ಪುಕ್ಕಟೆ ಕೊಡುವುದು ಪೊಲೀಸರ ಉಪಕಾರವಲ್ಲ, ಅವರ ಕೆಲಸ. ಆದ್ದರಿಂದ ಓದಿಸಿರಿ. ತಿಳಿಯದಿದ್ದರೆ ನಾಚದೆ ಎರಡನೆಯ ಸಲವೂ ಓದಿಸಿರಿ.